ಹೋಲ್‌ಸ್ಟನ್‌ಟೋರ್: ಲ್ಯೂಬೆಕ್‌ನ ವಾಲಿದ ಹೆಬ್ಬಾಗಿಲಿನಲ್ಲಿ 1478ರದು ಎಷ್ಟು, ಆಮೇಲಿನದು ಎಷ್ಟು?

ಹೆಬ್ಬಾಗಿಲು

ಜರ್ಮನಿಯ ಲ್ಯೂಬೆಕ್ ಪಟ್ಟಣದ ಹೋಲ್‌ಸ್ಟನ್‌ಟೋರ್ ಫೋಟೊ ಹಾಕುವವರು ಸಾಮಾನ್ಯವಾಗಿ ಕೆಳಗೆ ಬರೆಯುವುದು ಇಷ್ಟು: "1477ರಲ್ಲಿ ಕಟ್ಟಿದ ಹೆಬ್ಬಾಗಿಲು, ಇಂದಿಗೂ ಹಾಗೇ ನಿಂತಿದೆ." ವರ್ಷ ತಪ್ಪು. "ಹಾಗೇ" ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಆ ಕಟ್ಟಡದ ಮೈಮೇಲೆ ಕನಿಷ್ಠ ಮೂರು ಕಾಲದ ಕೆಲಸ ಇದೆ. ಯಾವುದು ಯಾವಾಗಿನದು ಎಂದು ಬಿಡಿಸಿ ಇಡೋಣ ಎಂದು ಈ ಚರ್ಚೆ ಶುರುಮಾಡಿದ್ದೇನೆ.

ಲ್ಯೂಬೆಕ್‌ನ ಹಳೆಯ ಊರು ಟ್ರಾವೆ ಮತ್ತು ವಾಕೆನಿಟ್ಸ್ ನದಿಗಳ ನಡುವೆ ಇದೆ, ಸುತ್ತ ನೀರು. ಹಾನ್ಸಾ ಎಂಬ ವರ್ತಕ ಪಟ್ಟಣಗಳ ಕೂಟಕ್ಕೆ ಆ ಕಾಲದಲ್ಲಿ ಅದೇ ಮುಂದಾಳಾಗಿತ್ತು. ಊರಿಗೆ ಉತ್ತರಕ್ಕೆ ಬುರ್ಗ್‌ಟೋರ್, ಪೂರ್ವಕ್ಕೆ ಹ್ಯೂಕ್ಸ್ಟರ್‌ಟೋರ್, ದಕ್ಷಿಣಕ್ಕೆ ಮ್ಯೂಲೆನ್‌ಟೋರ್, ಪಶ್ಚಿಮಕ್ಕೆ ಹೋಲ್‌ಸ್ಟನ್‌ಟೋರ್. ನಾಲ್ಕರಲ್ಲಿ ಇಂದು ಉಳಿದಿರುವುದು ಉತ್ತರದ್ದು ಮತ್ತು ಪಶ್ಚಿಮದ್ದು ಮಾತ್ರ.

ಕೌನ್ಸಿಲ್ ಸದಸ್ಯ ಯೊಹಾನ್ ಬ್ರೋಲಿಂಗ್ ಊರಿನ ಅಂದಕ್ಕೆಂದು ಉಯಿಲಿನಲ್ಲಿ 4,000 ಲ್ಯೂಬೆಕ್ ಮಾರ್ಕ್ ಬಿಟ್ಟುಹೋಗಿದ್ದ. 1464ರಲ್ಲಿ ಹೊಸ ಬಾಗಿಲಿನ ಕೆಲಸ ಹಿಡಿದರು. ಕಟ್ಟಿಸಿದವನು ಪಟ್ಟಣದ ಕಟ್ಟಡ ಮೇಸ್ತ್ರಿ ಹಿನ್ರಿಕ್ ಹೆಲ್ಮ್‌ಸ್ಟೆಡೆ. ಮುಗಿದದ್ದು 1478ರಲ್ಲಿ. ಹಾಗಾದರೆ 1477 ಎಲ್ಲಿಂದ ಬಂತು? ಊರ ಕಡೆಯ ಮುಖದ ಮೇಲೆ ಆ ಇಸವಿಯನ್ನೇ ದೊಡ್ಡದಾಗಿ ಬರೆದಿದ್ದಾರೆ. ಬರೆದದ್ದು 1871ರ ದುರಸ್ತಿಯಲ್ಲಿ. ಆಗ ಕಟ್ಟಡ ಮುಗಿದದ್ದು 1477ರಲ್ಲಿ ಎಂದೇ ನಂಬಿದ್ದರು. ತಪ್ಪು ಇಸವಿ ಗೋಡೆಯ ಮೇಲೆ ಉಳಿಯಿತು, ಅಲ್ಲಿಂದ ನಮ್ಮ ಫೋಟೊಗಳ ಕೆಳಗೂ ಬಂತು.

ಅಗಸಿಕಟ್ಟಿ

ಹೆಸರಿನ ಬಗ್ಗೆ ಒಂದು ಮಾತು. 'ಟೋರ್' ಅಂದ್ರ ಬಾಗಲಾ. ಹೋಲ್‌ಸ್ಟೈನ್ ಸೀಮಿ ಕಡೆ ಹೋಗೋ ದಾರಿ ಮ್ಯಾಲ ಇರೋದಕ್ಕ ಹೋಲ್‌ಸ್ಟನ್‌ಟೋರ್. ನಮ್ಮ ಕಡೆನೂ ಊರ ಬಾಗಲಕ್ಕ ಅಗಸಿ ಅಂತಾರ, ದಾರಿ ಎಲ್ಲಿಗೆ ಹೋಗ್ತದ ಆ ಊರಿನ ಹೆಸರನ್ನ ಅಗಸಿಗೂ ಇಡ್ತಾರ. ವಿಜಯಪುರದ ಶಹಾಪುರ ಅಗಸಿ ಹಂಗ. ಕನ್ನಡದಾಗ ಇದನ್ನ 'ಗೋಪುರ' ಅಂತ ಬರದ್ರ ಗುಡಿ ಕಣ್ಣ ಮುಂದ ಬರ್ತದ. ಅಗಸಿ ಅಥವಾ ಹೆಬ್ಬಾಗಿಲು ಅನ್ನೋದ ಛಲೋ.

ತಳಪಾಯ

ವಾಲಿದ್ದರ ಬಗ್ಗೆ ನಾನು ಬರೆಯುತ್ತೇನೆ. ಅದು ಕಾಲಾಂತರದಲ್ಲಿ ಹಳೆಯದಾಗಿ ವಾಲಿದ್ದಲ್ಲ. ಕಟ್ಟುತ್ತಿರುವಾಗಲೇ ಕುಸಿಯಲು ಶುರುವಾಗಿತ್ತು.

ಜಾಗ ನದಿಯ ಅಂಚಿನ ಜೌಗು. ಅದರ ಮೇಲೆ 7 ಮೀಟರ್ ಎತ್ತರದ ಮಣ್ಣಿನ ದಿಬ್ಬ, ದಿಬ್ಬದ ಮೇಲೆ ಇಟ್ಟಿಗೆಯ ಕಟ್ಟಡ. ಲೆಕ್ಕ ಹಾಕಿ ನೋಡಿ. ಅದುಮಿದ ಹಸಿ ಮಣ್ಣು ಘನ ಮೀಟರಿಗೆ ಸುಮಾರು 1.8 ಟನ್ ತೂಗುತ್ತದೆ. 7 ಮೀಟರ್ ದಿಬ್ಬ ಎಂದರೆ ಒಂದು ಇಟ್ಟಿಗೆ ಇಡುವ ಮೊದಲೇ ಪ್ರತಿ ಚದರ ಮೀಟರ್ ಜೌಗಿನ ಮೇಲೆ ಹನ್ನೆರಡು ಟನ್‌ಗಿಂತ ಹೆಚ್ಚು ಭಾರ. ಜೌಗು ಮಣ್ಣಿನ ಸ್ವಭಾವವೇನೆಂದರೆ ಭಾರ ಬಿದ್ದ ಕೂಡಲೇ ಕುಗ್ಗುವುದಿಲ್ಲ. ಒಳಗಿನ ನೀರು ಹಿಂಡಿ ಹೊರಗೆ ಹೋಗಬೇಕು, ಆಗಲೇ ಕುಗ್ಗುತ್ತದೆ. ಜಿಗುಟು ಮಣ್ಣಿನಲ್ಲಿ ಅದಕ್ಕೆ ತಿಂಗಳುಗಳು ಸಾಲದು, ವರ್ಷಗಳೇ ಬೇಕು. ಇಂದಿನ ಪದ್ಧತಿಯಲ್ಲಾದರೆ ದಿಬ್ಬ ಹಾಕಿ ಹಾಗೇ ಬಿಟ್ಟು, ಎಷ್ಟು ಇಳಿಯಿತೆಂದು ಗುರುತುಹಲಗೆ ಇಟ್ಟು ಅಳೆದು, ಇಳಿಯುವುದು ನಿಂತ ಮೇಲೆ ಗೋಡೆ ಎಬ್ಬಿಸುತ್ತಾರೆ. ಇಲ್ಲವೇ ಕೆಳಗಿನ ಗಟ್ಟಿ ಪದರದವರೆಗೆ ಕಂಬ ಇಳಿಸುತ್ತಾರೆ.

ಇಲ್ಲಿ ದಕ್ಷಿಣದ ಗೋಪುರದ ಅಡಿಯ ನೆಲ ಹೆಚ್ಚು ಮೆತ್ತಗಿತ್ತು, ಅದು ಮೊದಲು ಇಳಿಯಿತು. ಕಟ್ಟುವವರು ಸುಮ್ಮನಿರಲಿಲ್ಲ. ಗೋಡೆ ಏರುತ್ತಾ ಹೋದಂತೆ ಓಲನ್ನು ಸರಿದೂಗಿಸಲು ನೋಡಿದರು. ಮೇಸ್ತ್ರಿಗಳಿಗೆ ಇದು ಗೊತ್ತಿರುವ ವಿದ್ಯೆ: ಇಳಿದ ಬದಿಯಲ್ಲಿ ಗಾರೆಯ ಸಂದು ದಪ್ಪ ಮಾಡಿ ಹೊಸ ವರಸೆಯನ್ನು ಮತ್ತೆ ಮಟ್ಟಕ್ಕೆ ತರುವುದು. ಕಷ್ಟ ಏನೆಂದರೆ, ಮೇಲಿನ ವರಸೆ ಸರಿಹೋದರೂ ಕೆಳಗೆ ನೆಲ ಇಳಿಯುತ್ತಲೇ ಇರುತ್ತದೆ. ನಾಲ್ಕು ವರ್ಷ ಬಿಟ್ಟು ನೋಡಿದರೆ ಆ ಮಟ್ಟವೂ ಓರೆ.

ಹೊರಮುಖದ ಗೋಡೆ ದಪ್ಪ, ಒಳಮುಖದ್ದು ತೆಳು. ಈ ಅಸಮ ಭಾರವೂ ಒಂದು ಕಾರಣ.

ಸುಣ್ಣಗಾರೆ

ತಳಪಾಯ ಅವರೇ, ಕೊನೆಯ ವಾಕ್ಯವನ್ನು ಸ್ವಲ್ಪ ತಿದ್ದಬೇಕು. ಗೋಡೆ ದಪ್ಪವಾದರೆ ಒಟ್ಟು ಭಾರ ಹೆಚ್ಚುತ್ತದೆ, ನಿಜ. ಆದರೆ ಎತ್ತರ ಒಂದೇ ಇದ್ದರೆ ಗೋಡೆಯ ನೇರ ಕೆಳಗೆ ಚದರ ಮೀಟರಿಗೆ ಬೀಳುವ ಒತ್ತಡ ಅಷ್ಟೇ ಇರುತ್ತದೆ, ಏಕೆಂದರೆ ಅಗಲವೂ ಅಷ್ಟೇ ಹೆಚ್ಚಿರುತ್ತದೆ.

ತಳಪಾಯ

ಒಪ್ಪಿದೆ, ನಾನು ಅವಸರದಲ್ಲಿ ಬರೆದೆ. ಸರಿಯಾಗಿ ಹೇಳಬೇಕೆಂದರೆ ವ್ಯತ್ಯಾಸ ಇರುವುದು ಆಳದಲ್ಲಿ. ಕಿರಿದಾದ ಗೋಡೆಯ ಒತ್ತಡ ಸ್ವಲ್ಪ ಆಳಕ್ಕೆ ಹೋಗುವಷ್ಟರಲ್ಲಿ ಅಕ್ಕಪಕ್ಕಕ್ಕೆ ಹಂಚಿಹೋಗಿ ಕಡಿಮೆಯಾಗುತ್ತದೆ. ಅಗಲವಾದ ಗೋಡೆಯ ಒತ್ತಡ ಬಹಳ ಆಳದವರೆಗೆ ಇಳಿಯುತ್ತದೆ. ಕೆಳಗಿರುವುದು ದಪ್ಪನೆಯ ಜೌಗು ಪದರವಾದರೆ ಅಗಲದ ಗೋಡೆ ಅದನ್ನು ಹೆಚ್ಚು ಆಳಕ್ಕೆ ಹಿಂಡುತ್ತದೆ, ಹೆಚ್ಚು ಇಳಿಯುತ್ತದೆ. ಮುಖ್ಯ ಕಾರಣ ನೆಲವೇ, ಗೋಡೆಯ ದಪ್ಪ ಆಮೇಲಿನ ಮಾತು.

ಇನ್ನೊಂದು ಎಚ್ಚರಿಕೆ. ಫೋಟೊ ನೋಡಿ ವಾಲಿದ್ದನ್ನು ಅಳೆಯಬೇಡಿ. ಹತ್ತಿರ ನಿಂತು ಮೊಬೈಲನ್ನು ಮೇಲಕ್ಕೆ ಓರೆ ಮಾಡಿದರೆ ನೆಟ್ಟಗಿರುವ ಗೋಪುರಗಳೂ ತುದಿಯಲ್ಲಿ ಒಂದರ ಕಡೆ ಇನ್ನೊಂದು ಬಾಗಿದಂತೆ ಕಾಣುತ್ತವೆ. ಗೋಡೆಯ ಅಂಚು ಬಿಡಿ, ಇಟ್ಟಿಗೆಯ ಅಡ್ಡ ವರಸೆಗಳನ್ನು ನೋಡಿ. ಈ ಕಟ್ಟಡದಲ್ಲಿ ಕೆಂಪು ವರಸೆಯ ನಡುವೆ ಕಪ್ಪು ಮೆರುಗಿನ ವರಸೆ ಬರುವುದರಿಂದ ಗೆರೆ ಎಳೆದಂತೆ ಕಾಣುತ್ತದೆ. ದೂರದಿಂದ, ಕ್ಯಾಮೆರಾ ಮಟ್ಟಸವಾಗಿ ಹಿಡಿದು ತೆಗೆದ ಚಿತ್ರದಲ್ಲಿ ಆ ಗೆರೆಗಳು ಎತ್ತ ಇಳಿಯುತ್ತವೋ ನೆಲ ಅತ್ತ ಇಳಿದಿದೆ.

ಕೋಟೆನೋಟ

ಹೊರಗೋಡೆ ದಪ್ಪ, ಒಳಗೋಡೆ ತೆಳು ಎಂದಿರಿ. ಎಷ್ಟು ವ್ಯತ್ಯಾಸ? ಬಾಗಿಲಿನ ಕಾವಲುಪಡೆ ತಿರುಗಿಬಿದ್ದರೆ ಊರ ಕಡೆಯಿಂದ ಸುಲಭವಾಗಿ ತೋಪು ಹೊಡೆದು ಬಗ್ಗಿಸಲಿ ಎಂದು ಕೌನ್ಸಿಲ್‌ನವರು ಬೇಕೆಂದೇ ಹಾಗೆ ಮಾಡಿಸಿದರು ಎಂಬ ಮಾತೂ ಇದೆಯಲ್ಲ?

ಟ್ರಾವೆತೀರ

ನೆಲಮಟ್ಟದಲ್ಲಿ ಹೊರಗಡೆ 3.5 ಮೀಟರ್, ಊರ ಕಡೆ 1 ಮೀಟರಿಗೂ ಕಡಿಮೆ. ಕೌನ್ಸಿಲ್ ಹಾಗೆ ಮಾಡಿಸಿತು ಎಂಬ ಮಾತು ಚಾಲ್ತಿಯಲ್ಲಿದೆ, ಆದರೆ ಅದಿಲ್ಲದೆಯೂ ಗೋಡೆ ಅರ್ಥವಾಗುತ್ತದೆ. ಗುಂಡು ಬರುವುದು ಹೊರಗಿನಿಂದ, ಇಟ್ಟಿಗೆಯ ಖರ್ಚು ಅಲ್ಲಿ. ಊರ ಕಡೆ ತೆಳುಗೋಡೆ ಇಟ್ಟರೆ ಸಾಲು ಕಿಟಕಿ ಇಡಬಹುದು, ಬೆಳಕು ಗಾಳಿ ಒಳಗೆ ಬರುತ್ತದೆ. ಬೆಳಕು ಗಾಳಿ ಏಕೆ ಬೇಕೆಂದರೆ ಒಳಗೆ ತೋಪು ಹಾರಿಸಿದರೆ ಹೊಗೆ ತುಂಬಿಕೊಳ್ಳುತ್ತದೆ.

ಕಟ್ಟಡದ ವಿನ್ಯಾಸ ಹೀಗೆ: ಎರಡು ದುಂಡು ಗೋಪುರ, ನಡುವೆ ಒಂದು ಅಂಕಣ, ಅದರ ಕೆಳಗೆ ದಾರಿ. ಹೊರಗಡೆ ಗೋಪುರಗಳು ನಡುವಿನ ಅಂಕಣಕ್ಕಿಂತ 3.5 ಮೀಟರ್ ಮುಂದೆ ಚಾಚಿವೆ. ದಾರಿಯ ಬಾಯಿಗೆ ಬಂದು ನಿಂತವನ ಮೇಲೆ ಎರಡೂ ಪಕ್ಕೆಯಿಂದ ಹೊಡೆಯಬಹುದು. ಊರ ಕಡೆಯಿಂದ ನೋಡಿದರೆ ಮೂರೂ ಸೇರಿ ಒಂದೇ ಸಪಾಟು ಕಟ್ಟಡ. ಮೂವತ್ತರಷ್ಟು ತೋಪುಗಳಿಗೆ ಜಾಗ ಮಾಡಿದ್ದರು. ಅಲ್ಲಿಂದ ಯುದ್ಧದಲ್ಲಿ ಒಂದು ಗುಂಡೂ ಹಾರಲಿಲ್ಲ.

ಈಗ ನನಗೆ ತುಂಬ ಇಷ್ಟವಾದ ಭಾಗ. ದಾರಿಯ ಹೊರಬಾಯಿಯಲ್ಲಿ ಇಂದು ಮೇಲಿಂದ ಇಳಿಯುವ ಕಬ್ಬಿಣದ ಕಂಬಿ ಬಾಗಿಲು ನೇತಾಡುತ್ತದೆ. ಎಲ್ಲರೂ ಅದರ ಫೋಟೊ ತೆಗೆಯುತ್ತಾರೆ. ಅದು 1934ರದು. ಮೂಲದಲ್ಲಿ ಇದ್ದದ್ದು ಬೇರೆ ಸಾಧನ, ಹೆಸರು 'ಆರ್ಗನ್', ಚರ್ಚಿನ ಆರ್ಗನ್ ವಾದ್ಯದ ಕೊಳವೆಗಳ ಸಾಲಿನಂತೆ ಕಾಣುವುದರಿಂದ. ಬಿಡಿಬಿಡಿಯಾದ ಕಂಬಿಗಳು, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಬೀಳಿಸಬಹುದು.

ಒಂದೇ ತುಂಡಿನ ಕಂಬಿ ಬಾಗಿಲಿಗೆ ಎರಡು ದೋಷ. ಬಿಟ್ಟರೆ ಇಡಿಯಾಗಿ ಬೀಳುತ್ತದೆ, ಹೊರಗೆ ಉಳಿದ ತಮ್ಮವರು ಹೊರಗೇ. ಮತ್ತೆ, ಶತ್ರು ಕೆಳಗೊಂದು ಗಾಡಿ ನಿಲ್ಲಿಸಿದರೆ ಇಡೀ ಬಾಗಿಲು ಗಾಡಿಯ ಮೇಲೆ ಕೂತು ತೆರೆದೇ ಇರುತ್ತದೆ. ಬಿಡಿ ಕಂಬಿಗಳಲ್ಲಿ ಮೊದಲು ಒಂದೆರಡನ್ನು ಬಿಟ್ಟು ಉಳಿದವನ್ನೆಲ್ಲ ಇಳಿಸುತ್ತಾರೆ. ಒಬ್ಬೊಬ್ಬರೇ ನುಸುಳಿ ಒಳಬರುವಷ್ಟು ಸಂದು ಉಳಿಯುತ್ತದೆ. ತಮ್ಮವರೆಲ್ಲ ಬಂದ ಮೇಲೆ ಕೊನೆಯ ಕಂಬಿ ಬೀಳುತ್ತದೆ. ಗಾಡಿ ಅಡ್ಡ ಬಂದರೂ ಅದರ ಮೇಲಿನ ನಾಲ್ಕೈದು ಕಂಬಿ ಮಾತ್ರ ನಿಲ್ಲುತ್ತವೆ, ಅಕ್ಕಪಕ್ಕದವು ನೆಲ ಮುಟ್ಟುತ್ತವೆ. ಇಷ್ಟು ಜಾಣ ಸಾಧನದ ಜಾಗದಲ್ಲಿ ಈಗ ಸಾಧಾರಣ ಕಂಬಿಜಾಲ ನೇತುಹಾಕಿರುವುದು ನಿಜಕ್ಕೂ ಬೇಸರದ ಸಂಗತಿ.

ಅಗಸಿಕಟ್ಟಿ

ಕಂಬಿ ಒಂದೊಂದ ಇಳಿಸೋದು ಭಾಳ ಚಂದ ವಿಚಾರ. ನಮ್ಮ ದಖ್ಖನ್ ಕೋಟಿಗೋಳಾಗ ಲೆಕ್ಕಾನೇ ಬ್ಯಾರೆ. ಇಲ್ಲಿ ದಾರೀನ ಸೊಟ್ಟ ಮಾಡ್ತಾರ. ಹೊರಗಿನ ಬಾಗಲದಾಗ ಒಳಗ ಬಂದ್ರ ಮುಂದಿನ ಬಾಗಲ ಎದುರಿಗೆ ಕಾಣೂದಿಲ್ಲ, ಹೊಳ್ಳಿ ಹೋಗಬೇಕು. ಆನಿ ಓಡಿಬಂದು ಕದಕ್ಕ ಢಿಕ್ಕಿ ಹೊಡೀಲಿಕ್ಕೆ ಜಾಗ ಸಿಗಬಾರದು, ಕದಕ್ಕ ಚೂಪಾದ ಕಬ್ಬಿಣದ ಮೊಳಿ. ಲ್ಯೂಬೆಕ್‌ದಾಗ ದಾರಿ ನೆಟ್ಟಗ ಅದ, ಆನಿ ಕಾಟ ಇಲ್ಲ.

ನೆಲದ ಮಾತಿಗೂ ಒಂದು ಹೋಲಿಕಿ: ಬೀದರ್ ಕೋಟಿ ಸುತ್ತ ಮೂರು ಸಾಲಿನ ಖಂದಕ ಬಂಡಿ ಕಡದೇ ಮಾಡ್ಯಾರ. ಕೆಳಗ ಬಂಡಿ ಇದ್ದವರಿಗೆ ಕಷ್ಟ ಕಡಿಯೋದ್ರಾಗ, ಜೌಗು ಇದ್ದವರಿಗೆ ಕಷ್ಟ ನಿಲ್ಲಿಸೋದ್ರಾಗ.

ಹೆಬ್ಬಾಗಿಲು

ಗುಂಡು ಹಾರದೇ ಇದ್ದುದಕ್ಕೆ ಒಂದು ಕಾರಣವನ್ನೂ ಸೇರಿಸಬೇಕು. ಇಂದು ನಾವು ಹೋಲ್‌ಸ್ಟನ್‌ಟೋರ್ ಎನ್ನುವುದು ಅಸಲಿಗೆ 'ನಡುವಿನ' ಹೋಲ್‌ಸ್ಟನ್‌ಟೋರ್. ಆ ಒಂದು ದಾರಿಯ ಮೇಲೆ ಸಾಲಾಗಿ ನಾಲ್ಕು ಬಾಗಿಲುಗಳಿದ್ದವು. ಊರಿಗೆ ಹತ್ತಿರ, ನದಿಯ ದಡದಲ್ಲಿ ಒಳಬಾಗಿಲು. ಆಮೇಲೆ ಇದು. ಇದರ ಹೊರಗೆ 1585ರಲ್ಲಿ ಒಂದು, 1621ರಲ್ಲಿ ಇನ್ನೊಂದು. ತೋಪುಗಳು ದೊಡ್ಡವಾದಂತೆ ಊರಿನ ರಕ್ಷಣೆಯ ಗೆರೆ ಹೊರಗೆ ಸರಿಯಿತು, ಮುಂದೆ ಎತ್ತರದ ಮಣ್ಣಿನ ಕೊತ್ತಳ ಎದ್ದಿತು. ಆಗ ಹಿಂದೆ ಉಳಿದ ಈ ಬಾಗಿಲಿಗೆ ಎದುರಿನ ಬಯಲೇ ಕಾಣದಂತಾಯಿತು.

1806ರ ನವೆಂಬರ್ 6ರಂದು ನೆಪೋಲಿಯನ್ನನ ಸೇನೆ ಲ್ಯೂಬೆಕ್‌ಗೆ ನುಗ್ಗಿದ್ದು ಉತ್ತರದ ಬುರ್ಗ್‌ಟೋರ್ ಕಡೆಯಿಂದ. ಪಶ್ಚಿಮದ ಈ 3.5 ಮೀಟರ್ ಗೋಡೆಗೆ ಪರೀಕ್ಷೆಯೇ ಬರಲಿಲ್ಲ.

ಆಮೇಲೆ ಒಂದೊಂದಾಗಿ ಕೆಡವಿದರು: ಹೊರಗಿನ 1621ರದು 1808ರಲ್ಲಿ, ಒಳಬಾಗಿಲು 1828ರಲ್ಲಿ, 1585ರದು 1853ರಲ್ಲಿ. ಕೊನೆಯದನ್ನು ಕೆಡವಿದ್ದು ಊರಿನ ಮೊದಲ ರೈಲು ನಿಲ್ದಾಣಕ್ಕೆ ಜಾಗ ಮಾಡಲು.

ಕೋಟೆನೋಟ

ಹೊರಮುಖದ ಮೇಲೆ ಚಿನ್ನದ ಬಣ್ಣದ ಲ್ಯಾಟಿನ್ ಸಾಲು ಇದೆಯಲ್ಲ, "ಕಾಂಕಾರ್ಡಿಯಾ ಡೋಮಿ ಫೋರಿಸ್ ಪಾಕ್ಸ್", ಅದು 1478ರದೇ?

ಟ್ರಾವೆತೀರ

ಅಲ್ಲ, ಅದೂ 1871ರದು. ಆದರೆ ಮಾತು ಹಳೆಯದು. 1853ರಲ್ಲಿ ಕೆಡವಿದ ಹೊರಬಾಗಿಲ ಮೇಲೆ ಇದಕ್ಕಿಂತ ಉದ್ದದ ಸಾಲಿತ್ತು: ಮನೆಯೊಳಗೆ ಒಗ್ಗಟ್ಟು, ಹೊರಗೆ ಶಾಂತಿ, ಎಲ್ಲಕ್ಕಿಂತ ಚೆಲುವಾದದ್ದು ಇದೇ ಎಂಬ ಅರ್ಥದ್ದು. ಅದನ್ನು ಮೊಟಕು ಮಾಡಿ ಉಳಿದ ಬಾಗಿಲ ಮೇಲೆ ಬರೆದರು. ಒಂದು ಕಟ್ಟಡ ಹೋದ ಮೇಲೆ ಅದರ ಮಾತನ್ನು ಪಕ್ಕದ ಕಟ್ಟಡ ಹೊತ್ತುಕೊಂಡಿದೆ ಎಂದು ತಿಳಿದು ಓದಿದರೆ ಆ ಮೂರ್ನಾಲ್ಕು ಪದಗಳ ತೂಕವೇ ಬೇರೆ. ಊರ ಕಡೆ ಇರುವ "ಎಸ್.ಪಿ.ಕ್ಯೂ.ಎಲ್." ರೋಮಿನ ಅಚ್ಚಿನದು: ಲ್ಯೂಬೆಕ್‌ನ ಸೆನೆಟ್ ಮತ್ತು ಜನ. ಅದರ ಅಕ್ಕಪಕ್ಕದಲ್ಲೇ 1477 ಮತ್ತು 1871.

ಮಣ್ಣುಬೆಂಕಿ

ಗೋಡೆಯ ಸುತ್ತ ಹರಿಯುವ ಎರಡು ಸುಟ್ಟಮಣ್ಣಿನ ಪಟ್ಟಿಗಳ ಬಗ್ಗೆ ಯಾರೂ ಹೇಳಿಲ್ಲ. ಹತ್ತಿರ ಹೋದರೆ ಮೂರೇ ಬಗೆಯ ಬಿಲ್ಲೆ: ಒಂದರಲ್ಲಿ ಲಿಲ್ಲಿ ಹೂವಿನ ಲಾಂಛನ, ಇನ್ನೊಂದರಲ್ಲಿ ಸರಿಸಮ ಜಾಲರಿ, ಮೂರನೆಯದರಲ್ಲಿ ನಾಲ್ಕು ಮುಳ್ಳುಗಿಡದ ಎಲೆ. ಎಂಟು ಬಿಲ್ಲೆ ಆದ ಮೇಲೆ ಒಂದು ಲಾಂಛನದ ಬಿಲ್ಲೆ, ಲ್ಯೂಬೆಕ್‌ನ ಹದ್ದು ಅಥವಾ ಒಂದು ಮರ, ಎರಡು ಪಕ್ಕದಲ್ಲಿ ಅದನ್ನು ಹಿಡಿದು ನಿಂತ ಕಾಡುಮನುಷ್ಯರು.

ಬಹುತೇಕರು ಇದನ್ನು ಹದಿನೈದನೇ ಶತಮಾನದ ಕುಸುರಿ ಎಂದು ಬರೆಯುತ್ತಾರೆ. 1865ರಿಂದ 1870ರ ನಡುವಿನ ದುರಸ್ತಿಯಲ್ಲಿ ಬಿಲ್ಲೆಗಳನ್ನು ಹೊಸದಾಗಿ ಮಾಡಿಸಿ ಕೂರಿಸಿದರು. ಮೂಲದ ಮೂರು ಬಿಲ್ಲೆ ಮಾತ್ರ ಮಾದರಿಗೆಂದು ಉಳಿದಿವೆ. ಹೊಸವು ಮೂಲಕ್ಕೆ ಹತ್ತಿರ ಇದ್ದರೂ ನಕಲು ಅಲ್ಲ, ಹದ್ದಿನ ರೂಪವಂತೂ ಮೂಲದಂತಿಲ್ಲ.

ಹಳೆಯ ಬಿಲ್ಲೆಯನ್ನೇ ಒತ್ತಿ ಅಚ್ಚು ತೆಗೆದರೆ ಏಕೆ ಸಾಲದು ಎಂದು ಕೇಳಬಹುದು. ಜೇಡಿಮಣ್ಣು ಒಣಗುವಾಗ ಮತ್ತು ಸುಡುವಾಗ ಕುಗ್ಗುತ್ತದೆ, ಮಣ್ಣಿಗೆ ತಕ್ಕಂತೆ ನೂರಕ್ಕೆ ಎಂಟು ಹತ್ತು ಪಾಲು. ಹಳೆಯ ಬಿಲ್ಲೆಯಿಂದ ತೆಗೆದ ಅಚ್ಚಿನಲ್ಲಿ ಮಾಡಿದ್ದು ಅಷ್ಟು ಚಿಕ್ಕದಾಗಿ ಬರುತ್ತದೆ, ಸಾಲಿನಲ್ಲಿ ಸಂದು ಉಳಿಯುತ್ತದೆ. ಹಾಗಾಗಿ ಅಚ್ಚನ್ನೇ ದೊಡ್ಡದಾಗಿ ಮತ್ತೆ ಕೆತ್ತಬೇಕು. ಕೆತ್ತುವವನ ಕೈ ಬಿದ್ದ ಮೇಲೆ ಅವನ ಕಾಲದ ರುಚಿಯೂ ಬೀಳುತ್ತದೆ. ಮತ್ತೊಂದು ಕಷ್ಟ ಒಣಗಿಸುವುದು. ಅಗಲದ ಬಿಲ್ಲೆಯ ಅಂಚು ಬೇಗ ಒಣಗಿ, ನಡುಭಾಗ ಹಸಿಯಾಗೇ ಉಳಿದರೆ ಮೂಲೆಗಳು ಮೇಲೆದ್ದು ಬಾಗುತ್ತವೆ. ಹಿಂಭಾಗವನ್ನು ತೋಡಿ ಎಲ್ಲ ಕಡೆ ಒಂದೇ ದಪ್ಪ ಉಳಿಸಿ, ನೆರಳಲ್ಲಿ, ಒದ್ದೆ ಗೋಣಿ ಹೊದಿಸಿ ನಿಧಾನವಾಗಿ ಒಣಗಿಸಬೇಕು.

ಕಪ್ಪು ಇಟ್ಟಿಗೆಯ ಮೆರುಗು ಬಣ್ಣ ಬಳಿದದ್ದಲ್ಲ. ಇಂಥ ಕಪ್ಪು ಮೆರುಗಿಗೆ ಸೀಸದ ಗಾಜಿನಂಥ ಲೇಪ ಹಚ್ಚುತ್ತಿದ್ದರು, ಕಪ್ಪು ಬರುವುದು ಅದರಲ್ಲಿನ ಮ್ಯಾಂಗನೀಸ್, ಕಬ್ಬಿಣದಂಥ ಲೋಹದ ಅಂಶದಿಂದ. ಸೀಳು ಬಿಟ್ಟ ಕಡೆ ನೀರು ಒಳಹೊಕ್ಕರೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬಿ ಮೆರುಗನ್ನು ಹೆಕ್ಕಳೆಯಂತೆ ಎಬ್ಬಿಸುತ್ತದೆ.

ಸುಣ್ಣಗಾರೆ

ದುರಸ್ತಿಯ ವಿಷಯ ಬಂದದ್ದರಿಂದ ಆ ಸೀಮೆಯ ಇಟ್ಟಿಗೆ ಕಟ್ಟಡಗಳಿಗೆಲ್ಲ ಅನ್ವಯಿಸುವ ಒಂದು ಅಪಾಯ ಹೇಳಬೇಕು. ಉತ್ತರ ಜರ್ಮನಿಯಲ್ಲಿ ಹಳೆಯ ಕಟ್ಟಡಗಳ ಗಾರೆ ಬರೀ ಸುಣ್ಣದ್ದಲ್ಲ, ಎಷ್ಟೋ ಕಡೆ ಜಿಪ್ಸಮ್ ಗಾರೆ. ಲ್ಯೂಬೆಕ್‌ಗೆ ಹತ್ತಿರದ ಸೆಗೆಬರ್ಗ್ ಬೆಟ್ಟದಿಂದ ಜಿಪ್ಸಮ್ ತರುತ್ತಿದ್ದರು. ಗಟ್ಟಿಯಾದ ಒಳ್ಳೆಯ ಗಾರೆ ಅದು. ಅದರ ಪಕ್ಕಕ್ಕೆ ಪೋರ್ಟ್‌ಲ್ಯಾಂಡ್ ಸಿಮೆಂಟು ತಂದಿಟ್ಟರೆ ಅನಾಹುತ. ಜಿಪ್ಸಮ್‌ನ ಸಲ್ಫೇಟು, ಸಿಮೆಂಟಿನ ಅಲ್ಯುಮಿನೇಟು ಮತ್ತು ನೀರು, ಮೂರೂ ಸೇರಿದರೆ ಎಟ್ರಿಂಗೈಟ್ ಎಂಬ ಸೂಜಿಯಂಥ ಹರಳು ಬೆಳೆಯುತ್ತದೆ. ಬೆಳೆಯುವಾಗ ಹಿಗ್ಗುತ್ತದೆ, ಗೋಡೆಯನ್ನು ಒಳಗಿನಿಂದಲೇ ಸೀಳುತ್ತದೆ. ಸಂದು ತುಂಬಿದ ವರ್ಷ ಚೆನ್ನಾಗೇ ಕಾಣುತ್ತದೆ, ಒಡೆಯುವುದು ಆಮೇಲೆ.

ಆದ್ದರಿಂದ ಇಂಥ ಗೋಡೆ ಮುಟ್ಟುವ ಮೊದಲು ಕ್ರಮ ಇಷ್ಟು. ಬೇರೆಬೇರೆ ಎತ್ತರದಿಂದ ಗಾರೆಯ ಚೂರು ತೆಗೆಯಬೇಕು, ಹಿಂದಿನ ದುರಸ್ತಿಯ ಗಾರೆಯನ್ನೂ ಪ್ರತ್ಯೇಕವಾಗಿ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹನಿಸಿ: ಸುಣ್ಣವಾದರೆ ಬುರಬುರನೆ ನೊರೆ ಬರುತ್ತದೆ, ಶುದ್ಧ ಜಿಪ್ಸಮ್ ಆದರೆ ಬರುವುದಿಲ್ಲ. ಇದು ಮೊದಲ ಸುಳಿವು ಮಾತ್ರ, ಎರಡೂ ಬೆರೆತಿರುವುದು ಸಾಮಾನ್ಯ, ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು. ಆಮೇಲೆ ಅದಕ್ಕೆ ಹೊಂದುವ, ಇಟ್ಟಿಗೆಗಿಂತ ಮೆದುವಾದ ಗಾರೆ. ಸಂದನ್ನು ಕೈಯುಳಿಯಿಂದಲೇ ಕೆರೆಯಬೇಕು, ತಿರುಗುವ ಗರಗಸ ಇಟ್ಟಿಗೆಯ ಅಂಚನ್ನು ತಿಂದುಬಿಡುತ್ತದೆ.

ಕೋಟೆನೋಟ

ಇಷ್ಟೆಲ್ಲ ಓದಿದ ಮೇಲೆ ಅನ್ನಿಸುವುದು, 1871ರವರು ಕೆಡಿಸಿದ್ದೇ ಹೆಚ್ಚು. ತಪ್ಪು ಇಸವಿ, ಬದಲಾದ ಹದ್ದು, ಇಲ್ಲದ ಬರಹ.

ಟ್ರಾವೆತೀರ

ಇದನ್ನು ನಾನು ಒಪ್ಪುವುದಿಲ್ಲ. ಆಗಿನ ಸ್ಥಿತಿ ನೋಡಿ. ರೈಲು ಬಂದಿತ್ತು, ಬಾಗಿಲು ಹಾಳುಬಿದ್ದಿತ್ತು. 1855ರಲ್ಲಿ ಅದನ್ನೂ ಕೆಡವಿಬಿಡಿ, ರೈಲಿನ ಜಾಗಕ್ಕೆ ಅಡ್ಡವಾಗಿದೆ ಎಂದು 683 ಜನ ಸಹಿ ಹಾಕಿ ಸೆನೆಟ್‌ಗೆ ಮನವಿ ಕೊಟ್ಟರು. ಉಳಿಸಬೇಕು ಎನ್ನುವವರೂ ಇದ್ದರು, ಊರಿನ ಹೊರಗಿನಿಂದಲೂ ಒತ್ತಾಯ ಬಂತು. ಪ್ರಷ್ಯಾದ ದೊರೆ ನಾಲ್ಕನೆಯ ಫ್ರೀಡ್ರಿಶ್ ವಿಲ್ಹೆಲ್ಮ್ ತನ್ನ ಸ್ಮಾರಕ ಸಂರಕ್ಷಣಾಧಿಕಾರಿ ಫರ್ಡಿನಾಂಡ್ ಫಾನ್ ಕ್ವಾಸ್ಟ್‌ನನ್ನು ಕಳಿಸಿದ್ದ. ವರ್ಷಗಟ್ಟಲೆ ಎಳೆದಾಟ ನಡೆದು 1863ರಲ್ಲಿ ನಾಗರಿಕ ಸಭೆ ಮತಕ್ಕೆ ಹಾಕಿತು. ಕೆಡವಬಾರದು, ದುರಸ್ತಿ ಮಾಡಬೇಕು ಎಂಬ ಕಡೆಗೆ ಬಂದ ಬಹುಮತ ಒಂದೇ ಒಂದು ಮತ.

ಆ ಒಂದು ಮತ ಆಚೆ ಬಿದ್ದಿದ್ದರೆ ಇಂದು ಚರ್ಚಿಸಲು ಒಂದು ಇಟ್ಟಿಗೆಯೂ ಇರುತ್ತಿರಲಿಲ್ಲ. ಬಿಲ್ಲೆ ಬದಲಾಯಿಸಿದವರನ್ನು ಬೈಯುವ ಮೊದಲು ಅವರ ಕೈಗೆ ಬಂದದ್ದು ಎಂಥ ಗೋಡೆ ಎಂದು ನೋಡಬೇಕು. ಬರಹವನ್ನು ಅವರು 1478ರದೆಂದು ನಂಬಿಸಲಿಲ್ಲ, 1871 ಎಂದು ತಮ್ಮ ಇಸವಿಯನ್ನೂ ಪಕ್ಕದಲ್ಲೇ ಬರೆದಿದ್ದಾರೆ.

ತಳಪಾಯ

ಟ್ರಾವೆತೀರ ಅವರ ಮಾತಿಗೆ ನನ್ನದೂ ಸಹಮತ. ಅಲ್ಲದೆ 1871ರ ಕೆಲಸ ಹೊರಮೈಗೆ ನಡೆದದ್ದು, ಓಲು ಅಲ್ಲಿಗೆ ನಿಲ್ಲಲಿಲ್ಲ. 1933-34ರಲ್ಲಿ ಮತ್ತೆ ಕೈಹಾಕಿ ಉಕ್ಕು ಸೇರಿಸಿದ ಕಾಂಕ್ರೀಟಿನಿಂದ ಗೋಪುರಗಳನ್ನು ಬಿಗಿದರು. ಇಂದು ಅದು ಸುಭದ್ರವಾಗಿ ನಿಂತಿರುವುದು ಆ ಬಿಗಿತದಿಂದ. ನಾಜಿಗಳ ಆಡಳಿತ ಒಳಭಾಗವನ್ನು ತನ್ನ ಪ್ರಚಾರಕ್ಕೆ 'ಕೀರ್ತಿ ಮಂದಿರ' ಮಾಡಿತು, ಅದನ್ನು ಮುಚ್ಚಿಡಬಾರದು. 1950ರಿಂದ ಒಳಗೆ ಊರಿನ ಇತಿಹಾಸದ ಮ್ಯೂಸಿಯಂ. ಕೊನೆಯ ದೊಡ್ಡ ದುರಸ್ತಿ 2005-06ರಲ್ಲಿ. ಅದೇ 2006ರಲ್ಲಿ ಎರಡು ಯೂರೋ ನಾಣ್ಯದ ಮೇಲೆ ಈ ಬಾಗಿಲು ಬಂತು. ಹಿಂದಿನ 50 ಮಾರ್ಕ್ ನೋಟಿನ ಬೆನ್ನಿಗೂ ಇದೇ ಚಿತ್ರ ಇತ್ತು.

ನೋಡಲು ಹೋಗುವವರು ಹೊರಮುಖದ ಗೋಪುರದ ಬುಡಕ್ಕೆ ಹೋಗಿ ನೆಲ ನೋಡಿ. ಕೆಳಸಾಲಿನ ತೋಪಿನ ಕಂಡಿಗಳು ಈಗ ನೆಲಮಟ್ಟಕ್ಕಿಂತ ಸುಮಾರು ಅರ್ಧ ಮೀಟರ್ ಕೆಳಗಿವೆ. ತೋಪಿನ ಬಾಯಿ ಮಣ್ಣೊಳಗೆ ಇರಲಿ ಎಂದು ಯಾರೂ ಕಟ್ಟುವುದಿಲ್ಲ. ಕಟ್ಟಡ ಎಷ್ಟು ಇಳಿದಿದೆ ಎಂಬುದು ಅಲ್ಲಿ ಬರಿಗಣ್ಣಿಗೇ ಕಾಣುತ್ತದೆ.

ಹೆಬ್ಬಾಗಿಲು

ಎಲ್ಲರಿಗೂ ಧನ್ಯವಾದ. ಫೋಟೊದ ಕೆಳಗೆ ಹಾಕಲು ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ: "ನಡುವಿನ ಹೋಲ್‌ಸ್ಟನ್‌ಟೋರ್, ಲ್ಯೂಬೆಕ್. 1464-78, ಹಿನ್ರಿಕ್ ಹೆಲ್ಮ್‌ಸ್ಟೆಡೆ. ಗೋಡೆ ಮತ್ತು ಓಲು ಮೂಲದ್ದು. ಸುಟ್ಟಮಣ್ಣಿನ ಪಟ್ಟಿ ಮತ್ತು ಬರಹ 1871ಕ್ಕೆ ಮುಗಿದ ದುರಸ್ತಿಯದು. ಒಳಗಿನ ಕಾಂಕ್ರೀಟ್ ಬಿಗಿತ 1933-34ರದು."

ಟ್ರಾವೆತೀರ

"ಕಂಬಿ ಬಾಗಿಲು 1934ರದು, ಮೂಲದಲ್ಲಿ ಬಿಡಿ ಕಂಬಿಗಳ ಸಾಲು" ಎಂದು ಸೇರಿಸಿ. ಮತ್ತೆ, ಗೋಡೆ ಪೂರ್ತಿ ಮೂಲದ್ದು ಎನ್ನಬೇಡಿ, ಹೊರಮೈಯ ಇಟ್ಟಿಗೆ ಅಲ್ಲಲ್ಲಿ ಬದಲಾಗಿದೆ. "ಗೋಡೆಯ ಒಡಲು ಮೂಲದ್ದು" ಎಂದರೆ ಸರಿ.